ಗೇಟಿನ ಹೊರಗುಳಿದ ಕ್ಯಾಮೆರಾ

ಹಲೋ… ಹಲೋ, ಕೌನ್?… ಯಾರು ಮಾತಾಡ್ತಿರೋದು?

ಯಾವ ಚರಣ್?… ಅಯ್ಯೋ, ನಮ್ಮ ತಿಪಟೂರಿನ ಚರಣ್ನಾ! ಇದ್ಯಾವುದೋ ಹೊಸ ನಂಬರು? ಗುರುಗ್ರಾಮದಲ್ಲಿ ಫ್ಲ್ಯಾಟ್ ಬೇಕಾ ಅಂತ ಕೇಳೋ ಪೈಕಿ ಯಾವನೋ ಇರ್ಬೇಕು ಅಂದ್ಕೊಂಡೆ. ದಿನಕ್ಕೆ ಮೂರು ಜನ ಕೇಳ್ತಾರಪ್ಪ…

ಹಾಂ, ಸ್ಟುಡಿಯೋ ನಂಬರಾ? ಅಚ್ಛಾ, ಅಚ್ಛಾ. ನಿಮ್ಮಪ್ಪ ಹೇಗಿದಾನೆ, ನಮ್ಮಣ್ಣ? ಮಂಡಿ ನೋವು ಹೇಗಿದೆ?… ಸರಿ, ಎಣ್ಣೆ ಬಿಡಬೇಡ ಅನ್ನು.

ಮಾವ ಇಲ್ವೋ. ಸ್ಫೂರ್ತಿನ ಕರ್ಕೊಂಡು ಬರೋಕೆ ದಿಲ್ಲಿ ಕಂಟೋನ್ಮೆಂಟಿಗೆ ಹೋಗಿದಾರೆ. ಅವಳ ಎನ್‌ಸಿಸಿ ಕ್ಯಾಂಪು ಇವತ್ತು ಮುಗೀತಲ್ಲ. ತಿಂಗಳಾಯ್ತು ಹುಡುಗಿ ಮನೆ ಬಿಟ್ಟು. ಬಿಸಿಬೇಳೆಬಾತ್ ಮಾಡಿಟ್ಟು ಕಾಯ್ತಿದೀನಿ…

ಹಾಂ, ಗೊತ್ತು, ಎತ್ತಲ್ಲ. ಇಪ್ಪತ್ತಾರನೇ ತಾರೀಖಿಂದ ಯಾರ ಫೋನೂ… ಅಲ್ಲ, ಸುಳ್ಳು ಯಾಕೆ ಹೇಳ್ಲಿ, ಎಲ್ಲರ ಫೋನೂ ಎತ್ತುತಾರೆ. ನಿಂದು ಮಾತ್ರ ಎತ್ತಲ್ಲ.

ಕ್ಯಾಮೆರಾ ಚೆನ್ನಾಗಿದೆಯೋ, ಹೆದರಬೇಡ! ಒಂದು ಗೀರು ಬಿದ್ದಿಲ್ಲ. ಬೀಳೋಕೆ ಅದೆಲ್ಲಿ ಹೋಯ್ತು? ನೀನು ಕಳಿಸಿದ ಡಬ್ಬಿಯಲ್ಲೇ ಬೆಚ್ಚಗೆ ಕೂತಿದೆ…

ವೀಡಿಯೋನಾ?… ವೀಡಿಯೋ ಇಲ್ಲ ಚರಣ್.

ಇಲ್ಲ ಅಂದ್ರೆ ಇಲ್ಲ. ಪರೇಡಿಂದು ಒಂದು ಚೂರೂ ಇಲ್ಲ…

ಅಳಿಸಿ ಹೋಗಿಲ್ಲಪ್ಪ. ಅಳಿಸಿ ಹೋಗೋಕೆ ತೆಗೆದಿರಬೇಕಲ್ವಾ? ಹೇಳ್ತೀನಿ ಇರು. ಸ್ಟವ್ ಸಣ್ಣ ಮಾಡಿ ಬರ್ತೀನಿ… ಹಾಂ, ಹೇಳು. ಅಲ್ಲ, ನಾನೇ ಹೇಳ್ತೀನಿ.

ಮೂರು ವಾರ ನೀನು ಫೋನಲ್ಲಿ ಪಾಠ ಹೇಳಿದೆಯಲ್ಲ, ಅಷ್ಟನ್ನೂ ಒಂದು ನೋಟ್‌ಬುಕ್ಕಲ್ಲಿ ಗೆರೆ ಎಳೆದು ಬರ್ಕೊಂಡಿದಾರೆ. ಅರವತ್ತು ಫ್ರೇಮು, ಶಟರು ಅದರ ಎರಡರಷ್ಟು, ನೂರಿಪ್ಪತ್ತು. ಐಎಸ್‌ಓ ನೂರು ದಾಟಬಾರದು. ಬೆಳಿಗ್ಗೆ ಗಡ್ಡ ಹೆರೀತಾ ಹಾಜರಿ ಕೂಗೋ ಹಾಗೆ ಹೇಳೋರು. ನಂಗೂ ಬಾಯಿಪಾಠ ಆಗಿದೆ ನೋಡು, ನಂಗೇನಾಗಬೇಕಿತ್ತು ಇದೆಲ್ಲ!…

ಪ್ರಾಕ್ಟೀಸಾ? ಕೇಳಬೇಡ. ಕುಕ್ಕರ್ ಕೂಗೋದನ್ನ ನಿಧಾನಗತಿಯಲ್ಲಿ ತೆಗೆದ್ರು. ಕೆಳಗಿನ ಬೀದಿ ನಾಯೀನ ತೆಗೆದ್ರು. ಆಮೇಲೆ ಆ ಲಾಗ್ ಅಂತ ಒಂದು ಹೇಳಿಕೊಟ್ಟೆಯಲ್ಲ, ಬಣ್ಣ ಎಲ್ಲ ಬೂದಿ ಬೂದಿಯಾಗಿ ಕಾಣತ್ತೆ, ಆಮೇಲೆ ಸರಿ ಮಾಡ್ಕೋಬಹುದು ಅಂತ… ಹಾಂ, ಅದೇ. ಅದರಲ್ಲಿ ನನ್ನನ್ನ ತೆಗೆದು ತೋರಿಸಿದ್ರು. ಹದಿನೈದು ದಿನ ಮಲಗಿದ್ದೋಳ ಹಾಗಿದ್ದೆ. 'ಇದೇ ಬೆಸ್ಟ್ ಸೆಟ್ಟಿಂಗ್' ಅಂದ್ರು. ನಾನು ಆಗಲಿ ಅಂದೆ.

ನಗು, ನಗು. ಇನ್ನೂ ಕೇಳು. ಅವರ ಆಫೀಸಿನ ಬೇಸ್‌ಮೆಂಟಿನಲ್ಲಿ ಹನ್ನೆರಡು ಜನ ಗಾರ್ಡುಗಳನ್ನ ಸಾಲಾಗಿ ನಿಲ್ಲಿಸಿ ಮಾರ್ಚ್ ಮಾಡ್ಸಿದ್ರಂತೆ. ಮೂರನೇ ಸಾಲಿನ ನಾಲ್ಕನೆಯವನ ಮುಖ ಹಿಡಿದು ಕ್ಯಾಮೆರಾ ಅವನ ಹಿಂದೇನೇ ತಿರುಗತ್ತಾ ಅಂತ ನೋಡೋಕೆ. ಯಾಕೆ ಅಂದ್ರೆ ಸ್ಫೂರ್ತಿ ಫೋನಲ್ಲಿ ಹೇಳಿದ್ಲಲ್ಲ, ಅವಳ ಜಾಗ ಮೂರನೇ ಸಾಲು, ನಮ್ಮ ಕಡೆಯಿಂದ ನಾಲ್ಕನೆಯವಳು ಅಂತ. 'ಪಪ್ಪಾ, ಟೀವಿಯಲ್ಲಿ ಮುಂದಿನ ಸಾಲು, ಬೂಟು, ದೊಡ್ಡೋರ ಮುಖ ಅಷ್ಟೇ ತೋರಿಸ್ತಾರೆ. ನೀವು ನನ್ನ ಮುಖ ತೆಗೀಲೇಬೇಕು, ಪ್ರಾಮಿಸ್' ಅಂದಿದ್ಲು…

ಅದೇ. ಪ್ರಾಮಿಸ್ ಮಾಡಿದ್ರು.

ನಿಂಗೊತ್ತಲ್ಲ ಅವರ ಕತೆ. ಇಪ್ಪತ್ತೆಂಟು ವರ್ಷ ಮಿಲಿಟರಿಯಲ್ಲಿ ರೇಷನ್ ವಿಭಾಗ. ಸುಬೇದಾರ್ ಆದ್ರು, ಮೆಡಲ್ ಬಂತು. ಇಪ್ಪತ್ತಾರನೇ ಜನವರಿ ಪರೇಡಿಗೆ ಮಾತ್ರ ಒಂದ್ಸಲವೂ ಹೆಸರು ಬರಲಿಲ್ಲ. ನಡೆಯೋರಿಗೆ ಪೂರಿ ಲೆಕ್ಕ ಹಾಕೋದೇ ಆಯ್ತು. ಈಗ ಮಗಳು ನಡೀತಾಳೆ ಅಂದ್ರೆ ಹೇಗಾಗಿರಬೇಡ ಹೇಳು…

ಹೂಂ. ಅವತ್ತು ಬೆಳಿಗ್ಗೆ ಕತ್ತಲಿರುವಾಗಲೇ ಮೆಟ್ರೋ ಹತ್ತಿದ್ವಿ. ನಾನು ರೇಷ್ಮೆ ಸೀರೆ, ಅದರ ಮೇಲೆ ಎರಡು ಸ್ವೆಟರು. ಅವರು ಬ್ಲೇಜರ್, ಎದೆ ತುಂಬ ಮೆಡಲ್ಲು. ಇಳಿದು ನಡೆದ್ವಿ, ನಡೆದ್ವಿ. ಮಂಜು ಅಂದ್ರೆ ಮುಂದಿರೋರ ಬೆನ್ನು ಕಾಣಲ್ಲ. ಅದರಲ್ಲೂ ಇವರ ಚಿಂತೆ ಏನು? 'ಲೀಲಾ, ವೈಟ್ ಬ್ಯಾಲೆನ್ಸ್ ಬದಲಾಯಿಸ್ಬೇಕಾಗತ್ತೆ.' ಇಪ್ಪತ್ನಾಲ್ಕು ವರ್ಷದಿಂದ ಎಲ್ಲದಕ್ಕೂ ಹೂಂ ಅಂತಿದೀನಿ, ವೈಟ್ ಬ್ಯಾಲೆನ್ಸಿಗೂ ಒಂದು ಹೂಂ ಅಂದೆ.

ಮೊದಲನೇ ಗೇಟಿನಲ್ಲಿ ಪಾಸ್ ನೋಡಿ ಬಿಟ್ರು. ಎರಡನೇ ಗೇಟಿನಲ್ಲಿ ಒಬ್ಬಳು ಪೊಲೀಸ್ ಹುಡುಗಿ. ನಮ್ಮ ಸ್ಫೂರ್ತಿಗಿಂತ ನಾಲ್ಕೈದು ವರ್ಷ ದೊಡ್ಡೋಳಿರ್ಬಹುದು ಅಷ್ಟೇ. 'ಅಂಕಲ್ ಜೀ, ಯೇ ಕ್ಯಾ ಹೈ?' ಅಂದ್ಲು. ನಿನ್ನ ಮಾವ ಎದೆ ಉಬ್ಬಿಸಿಕೊಂಡು, 'ಗಿಂಬಲ್ ಕ್ಯಾಮೆರಾ ಹೈ ಬೇಟಾ, ಫೋರ್ ಕೆ!' ಹಿಡಿ ಮೇಲೆ ತಿರುಗೋ ಪುಟ್ಟ ತಲೆ, ಇರೋದೇ ಅಂಗೈಯಷ್ಟು, ಸುಮ್ಮನೆ ಶೇವಿಂಗ್ ಮಷೀನು ಅಂದಿದ್ರೂ ನಡೀತಿತ್ತೇನೋ…

ಇಲ್ಲ, ಬಿಡಲಿಲ್ಲ. 'ಕ್ಯಾಮೆರಾ ಅಂದರ್ ನಹೀ ಜಾಯೇಗಾ.' ಪಾಸನ್ನ ತಿರುಗಿಸಿ ತೋರಿಸಿದ್ಲು. ಹಿಂದುಗಡೆ ಏನೇನು ತರಬಾರದು ಅಂತ ಹಿಂದಿಯಲ್ಲೂ ಇಂಗ್ಲಿಷಲ್ಲೂ ಬರೆದಿದೆ.

ಓದಿರ್ಲಿಲ್ವಾ ಅಂತ ಕೇಳ್ತೀಯಾ? ಚರಣ್, ನಿನ್ನ ಮಾವ ಈಗ ಮಾಡೋ ನೌಕರಿ ಏನು ಹೇಳು… ಹಾಂ. ಆ ಕಂಪನಿ ಗೇಟಿನಲ್ಲಿ ಸೆಕ್ಯೂರಿಟಿಯವರ ಮೇಲ್ವಿಚಾರಣೆ. ಬಂದವರ ಫೋನಿನ ಕ್ಯಾಮೆರಾ ಕಣ್ಣಿಗೆ ಕೆಂಪು ಸ್ಟಿಕ್ಕರ್ ಹಚ್ಚಿಸೋದು. ಎಂಟು ವರ್ಷದಿಂದ ಅದೇ. ಒಂದ್ಸಲ ಕಂಪನಿ ಯಜಮಾನರ ಅಳಿಯನ ಫೋನಿಗೂ ಹಚ್ಚಿಸಿ ಬಂದಿದ್ರು. 'ಸ್ಲಿಪ್ಪಿನ ಹಿಂದೆ ಬರೆದಿರೋದನ್ನ ಓದ್ಕೊಳ್ಳಿ ಸಾರ್' ಅಂತ ಊರಿಗೆಲ್ಲ ಹೇಳೋ ಮನುಷ್ಯ. ತಮ್ಮ ಪಾಸಿನ ಹಿಂದೆ ತಿರುಗಿಸಿ ನೋಡಿರ್ಲಿಲ್ಲ.

ಜಗಳಾನಾ? ಒಂದು ಮಾತೂ ಆಡ್ಲಿಲ್ಲ ಕಣೋ. ಅದೇ ನಂಗೆ ಸಂಕಟ ಆಗಿದ್ದು. ಆ ಹುಡುಗಿ ಕ್ಯಾಮೆರಾ ಕೈಗೆ ತಗೊಂಡು, ಅದು ಕ್ಯಾಮೆರಾನೋ ಇನ್ನೇನೋ ಅಂತ ಅದರ ಪರದೆ ತಿರುಗಿಸಿ, ಗುಂಡಿ ಎಲ್ಲ ಒತ್ತಿ ನೋಡಿದ್ಲು. ಇವರು ಕೈ ಕಟ್ಕೊಂಡು ನಿಂತು ನೋಡಿದ್ರು. ಮೂರು ವಾರದ ಸೆಟ್ಟಿಂಗು! ನಾನು ಬಾಯಿ ತೆಗೆಯೋಕೆ ಹೋದ್ರೆ, 'ಅವಳು ಮಾಡ್ತಿರೋದು ಸರಿ ಲೀಲಾ. ನಾನಾಗಿದ್ರೂ ಬಿಡ್ತಿರ್ಲಿಲ್ಲ' ಅಂದ್ರು.

ಇಡೋಕೆ ಅಲ್ಲಿ ಜಾಗ ಎಲ್ಲಿದೆ? ನಮ್ಮ ಜವಾಬ್ದಾರಿ ಅಲ್ಲ ಅಂದ್ಲು. ಅಕ್ಕಪಕ್ಕದೋರೆಲ್ಲ ಇಯರ್‌ಫೋನು, ಲೈಟರು, ಅದು ಇದು ಬೇಲಿ ಗಿಡದ ಬುಡಕ್ಕೆ ಹುಗಿದು ಒಳಗೆ ಹೋಗ್ತಿದ್ರು. ನಾನೂ ಹೇಳಿದೆ, ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಡಿ, ವಾಪಸ್ ಬರ್ತಾ ತಗೊಳ್ಳೋಣ ಅಂತ. 'ಹುಡುಗನ ಹೊಟ್ಟೆಪಾಡು ಕಣೇ ಇದು. ಮದುವೆ ಸೀಸನ್ ಮುಂದಿಟ್ಕೊಂಡು ಕೊಟ್ಟಿದಾನೆ. ಮಣ್ಣಲ್ಲಿ ಹುಗೀಲಾ?' ಅಂದ್ರು…

ಚರಣ್?… ನಿಂದೇನು ತಪ್ಪಪ್ಪ ಇದರಲ್ಲಿ? ಹಾಗೆಲ್ಲ ಅನ್ಬೇಡ…

ಮತ್ತೇನು ಮಾಡೋದು, ಇಬ್ಬರಲ್ಲಿ ಒಬ್ಬರು ಹೊರಗಿರಬೇಕು. ನೀವು ಹೋಗಿ, ನಾನು ಹಿಡ್ಕೊಂಡು ಕೂತಿರ್ತೀನಿ ಅಂದೆ. ಕೇಳ್ತಾರಾ? 'ನಾನು ಎಷ್ಟೋ ಪರೇಡ್ ನೋಡಿದೀನಿ. ತಾಯಿ ನೀನು, ನೀನು ನೋಡು' ಅಂತ ಪಾಸ್ ನನ್ನ ಕೈಗಿಟ್ಟು, ಬೆನ್ನ ಮೇಲೆ ಕೈ ಹಾಕಿ ತಳ್ಳೇಬಿಟ್ರು. ಎಷ್ಟೋ ಪರೇಡ್ ನೋಡಿದಾರಂತೆ! ರಿಹರ್ಸಲ್ಲು ಕೂಡ ನೋಡಿಲ್ಲ ಆ ಮನುಷ್ಯ.

ಫೋನ್ ಒಳಗೆ ಬಿಟ್ರು. ಇತ್ತು, ನನ್ನ ಕೈಯಲ್ಲೇ ಇತ್ತು. ಕೇಳೇ ಕೇಳ್ತೀಯ ಅಂತ ಗೊತ್ತಿತ್ತು. ಮೂರು ಗಂಟೆ ಕುರ್ಚಿ ಮೇಲೆ ನಡುಗ್ತಾ ಕೂತೆ. ಫಿರಂಗಿ ಹೋಯ್ತು, ಒಂಟೆ ಹೋಯ್ತು. ಆಮೇಲೆ ಮೈಕಲ್ಲಿ ಎನ್‌ಸಿಸಿ ಹುಡುಗಿಯರು ಅಂದ್ರು ನೋಡು, ನಮ್ಮ ಸಾಲಿನವರೆಲ್ಲ ಎದ್ದು ನಿಂತ್ರು, ನಾನೂ ಎದ್ದೆ. ತೊಡೆ ಮೇಲಿದ್ದ ಫೋನು ಬಿತ್ತು. ಬಗ್ಗಿ ಹುಡುಕಲೋ, ಅವಳನ್ನ ನೋಡಲೋ? ನೋಡಿದೆ. ನೋಡೋದು ಬಿಟ್ಟು ಇನ್ನೇನು ಮಾಡ್ಲಿ ಹೇಳು…

ಹಾಂ. ಮೂರನೇ ಸಾಲು, ನಾಲ್ಕನೆಯವಳು. ಅತ್ತುಬಿಟ್ಟೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಲು.

ಹೂಂ… ಚರಣ್, ನಿಂಗೊಬ್ಬನಿಗೇ ಹೇಳ್ತೀನಿ, ಮಾವನ ಹತ್ರ ಬಾಯಿ ಬಿಡಬೇಡ. ಅದು ನಮ್ಮ ಸ್ಫೂರ್ತಿನೇನಾ ಅಂತ ನಂಗೆ ಗ್ಯಾರಂಟಿ ಇಲ್ಲ.

ನೂರೈವತ್ತರ ಹತ್ರ ಹುಡುಗಿಯರು ಕಣೋ! ಎಲ್ಲರಿಗೂ ಅದೇ ಖಾಕಿ, ಟೋಪಿಗೆ ಅದೇ ಕೆಂಪು ಕುಚ್ಚು, ಅದೇ ಎತ್ತರ, ಎಲ್ಲರ ಗದ್ದವೂ ಮೇಲಕ್ಕೆ. ಹತ್ತು ಸೆಕೆಂಡಲ್ಲಿ ಹೋಗೇಬಿಟ್ರು. ನಾನು ನಾಲ್ಕನೆಯವಳನ್ನ ಎಣಿಸಿ ಹಿಡಿದೆ. ಆದ್ರೆ ಮೂಗು… ಮೂಗು ಸ್ವಲ್ಪ ಚಪ್ಪಟೆ ಅನ್ನಿಸ್ತು. ಹೊರಗೆ ಬಂದಾಗ ಇವರು ಓಡಿ ಬಂದು ಕೇಳಿದ್ದೇ ಅದು, 'ಕಂಡ್ಲಾ?' ಕಂಡ್ಲು, ಚೆನ್ನಾಗಿ ಕಂಡ್ಲು ಅಂದೆ. ಇಲ್ಲ ಅನ್ನೋಕಾಗತ್ತಾ?

ಇವರಾ? ಹತ್ತಿರದ ಗುರುದ್ವಾರಕ್ಕೆ ಹೋಗಿ ಬೆಚ್ಚಗೆ ಕೂತಿದ್ರಂತೆ. ಬಿಸಿ ಚಾ, ಪ್ರಸಾದ, ಫೋನಲ್ಲೇ ಪೂರ್ತಿ ಪರೇಡ್ ನೋಡಿದ್ರಂತೆ. 'ನನ್ನ ಚಿಂತೆ ಬಿಡು, ನಿಂಗಿಂತ ಆರಾಮಾಗಿದ್ದೆ' ಅಂದ್ರು. ಅಂದವರು ಮನೆಗೆ ಬಂದು ಆ ನೋಟ್‌ಬುಕ್ಕು ಹಳೇ ಪೇಪರಿನ ಕಟ್ಟಿಗೆ ಸೇರಿಸಿದ್ರು. ಆಮೇಲೆ ಮಾತಿಲ್ಲ, ಕತೆಯಿಲ್ಲ.

ಅವಳಿಗೆ ಹೇಳಿಲ್ವೋ, ಅದೇ ಈಗ ಇರೋ ಕಷ್ಟ! ಸ್ಫೂರ್ತಿ ನಿನ್ನೆ ಫೋನ್ ಮಾಡಿ, 'ವೀಡಿಯೋ ಯಾರಿಗೂ ಕಳಿಸ್ಬೇಡಿ, ಮೊದಲು ನಾನೇ ನೋಡ್ಬೇಕು' ಅಂದ್ಲು. ಇವರು ಹೂಂ ಅಂದುಬಿಟ್ರು. ಈಗ ಅವಳನ್ನ ಕೂರಿಸ್ಕೊಂಡು ಬರ್ತಿದಾರೆ. ದಾರಿಯಲ್ಲಿ ಹೇಳ್ತೀನಿ ಅಂತ ಹೋಗಿದಾರೆ. ಹೇಳಿರ್ತಾರಾ? ನಂಗೆ ನಂಬಿಕೆಯಿಲ್ಲ…

ಹೌದಾ? ಕ್ಯಾಮೆರಾ ಯಾವತ್ತು ಬೇಕು? ಶುಕ್ರವಾರನೇ ಮದುವೇನಾ? ಚಲೋ, ನಾಳೆ ಬೆಳಿಗ್ಗೇನೇ ಕೊರಿಯರ್ ಮಾಡಿಸ್ತೀನಿ. ಸ್ಪಂಜು ಹಾಕಿ ಕಟ್ತೀನಿ.

ಕಾರ್ಡಾ? ಖಾಲಿ ಮಾಡಬೇಕಾ? ನೀನೇ ಮಾಡ್ಕೊಳ್ಳೋ ಅಲ್ಲಿ… ಅಚ್ಛಾ, ಕುಕ್ಕರು ನಾಯಿ ಎಲ್ಲ ತುಂಬಿದೆಯಾ ಅಂತ ನೋಡ್ಬೇಕಾ. ಇರು, ಡಬ್ಬಿ ತರ್ತೀನಿ. ಫೋನ್ ಸ್ಪೀಕರಿಗೆ ಹಾಕಿದೀನಿ, ಕೇಳ್ತಿದೆಯಾ?… ಹಾಂ, ಹೇಳು.

ಪರದೆ ಅಡ್ಡ ತಿರುಗಿಸೋದಾ? ಎಷ್ಟು ಬಲ ಹಾಕ್ಬೇಕು? ಮುರಿದ್ರೆ ನನ್ನನ್ನ ಬೈಬೇಡ… ಅಯ್ಯಯ್ಯೋ, ತಲೆ ಎತ್ತಿತು! ಬಗ್ಗಿದ್ರೆ ಬಗ್ಗತ್ತೆ ಕಣೋ ಇದೂ, ನನ್ನ ಮುಖಾನೇ ನೋಡ್ತಿದೆ. ನೆಂಟರ ಮಗುವಿನ ಹಾಗೆ.

ಕೆಂಪು ಚುಕ್ಕೆನಾ? ಹಾಂ, ಉರೀತಿದೆ, ಸೆಕೆಂಡು ಓಡ್ತಿದೆ… ಏನು? ತಿರುಗಿಸಿದ ತಕ್ಷಣ ತಾನೇ ರೆಕಾರ್ಡ್ ಶುರು ಆಗತ್ತಾ? ಇದೊಳ್ಳೆ ಕತೆ. ನಿಲ್ಲಿಸ್ದೆ, ನಿಲ್ಲಿಸ್ದೆ.

ಈಗ ಬೆರಳಲ್ಲಿ ಎಳೆಯೋದಾ… ಬಂತು. ನಂದೊಂದು, ಇದು ಈಗಿಂದು. ಉಳಿದಿದ್ದು… ಕುಕ್ಕರು. ಗಾರ್ಡುಗಳು. ನಾಯಿ. ಎಲ್ಲ ಬೂದಿ ಬಣ್ಣ. ಎಲ್ಲಾನೂ ಒಟ್ಟಿಗೇ ಅಳಿಸೋದು ಹೇಗೆ ಹೇಳು… ಫಾರ್ಮ್ಯಾಟ್ ಎಲ್ಲಿದೆ?… ಒತ್ತಲಾ?

ಇರು, ಇರು. ಒಂದು ಬಣ್ಣದ್ದಿದೆ. ಹನ್ನೊಂದು ನಿಮಿಷ ಅಂತಿದೆ. ಇಪ್ಪತ್ತಾರನೇ ತಾರೀಖು.

ಗೊತ್ತಿಲ್ಲಪ್ಪ. ನೋಡ್ತೀನಿ… ಬರೀ ಮೂಗು. ನಿನ್ನ ಮಾವನ ಮೂಗೇ ಇದು. ಏನೋ ಹುಡುಕ್ತಿದಾರೆ, ಜೇಬೆಲ್ಲ ತಡಕಾಡ್ತಿದಾರೆ. ಹಾಂ! ಕನ್ನಡಕ. ಅವರ ಕನ್ನಡಕ ನನ್ನ ಪರ್ಸಲ್ಲೇ ಉಳಿದಿತ್ತು. ಅದಿಲ್ಲದೆ ಪರದೆ ಮೇಲೆ ಏನಿದೆ ಅಂತ ಅವರಿಗೆ ಕಾಣೋದೇ ಇಲ್ಲ. ಕ್ಯಾಮೆರಾನ ಒಂದು ಸಿಮೆಂಟ್ ಕಟ್ಟೆ ಮೇಲೆ ನಿಲ್ಲಿಸಿದಾರೆ. ಸೆಟ್ಟಿಂಗ್ ನೋಡೋಕೆ ಪರದೆ ತಿರುಗಿಸಿರ್ಬೇಕು, ಓಡ್ತಿದೆ ಅಂತಾನೇ ಗೊತ್ತಾಗಿಲ್ಲ…

ಯಾವ ಸೆಟ್ಟಿಂಗೂ ಇಲ್ವಾ? ಎಲ್ಲ ಆಟೋ ಆಗಿದೆಯಾ? ಆ ಹುಡುಗಿ ಒತ್ತಿದ್ದಲ್ವಾ, ಅದಕ್ಕೇ. ಚೆನ್ನಾಗೇ ಕಾಣ್ತಿದೆಯಲ್ಲೋ! ನಿಮ್ಮ ಬೂದಿಗಿಂತ ಎಷ್ಟೋ ಮೇಲು.

ಎಲ್ಲಿ ಅಂತಾನಾ? ಎಲ್ಲಿ ಗುರುದ್ವಾರ? ಅದೇ ಗೇಟು ಚರಣ್. ಅದೇ ಕಬ್ಬಿಣದ ಬೇಲಿ, ಹಿಂದೆ ಬಟ್ಟೆ ಪರದೆ ಕಟ್ಟಿದಾರಲ್ಲ, ಅದರ ಮುಂದೆ ಫುಟ್‌ಪಾತ್ ಮೇಲೆ ಕೂತಿದಾರೆ. ಮಂಜಲ್ಲಿ. ಚಾನೂ ಇಲ್ಲ, ಪ್ರಸಾದಾನೂ ಇಲ್ಲ. ನಾನು ಕಟ್ಟಿಕೊಟ್ಟಿದ್ದ ಚಪಾತಿ ಸುರುಳಿ ತಿಂತಿದಾರೆ. ಮೂರು ಗಂಟೆ ಅಲ್ಲೇ ಕೂತಿದ್ರಾ ಇವರು? ಎಂಥ ಸುಳ್ಳ ನೋಡು!

ಹೂಂ, ನಾನೂ ಸುಳ್ಳು ಹೇಳಿದೀನಿ. ಗೊತ್ತು, ಬಾಯಿ ಮುಚ್ಚು.

ಸದ್ದು ಕೇಳಿಸ್ತಿದೆಯಾ ನಿಂಗೆ? ಸಣ್ಣಗಿದೆ… ಮೈಕು. ಒಳಗೆ ಹೇಳೋದೆಲ್ಲ ಹೊರಗೂ ಕೇಳಿದೆ. ಬ್ಯಾಂಡು… ಈಗ, ಈಗ ಎನ್‌ಸಿಸಿ ಅಂದ್ರು. ಇವರು ಎದ್ರು. ಚಪಾತಿ ಜೇಬಿಗೆ ಹಾಕ್ಕೊಂಡ್ರು.

ಏನೋ ತೆಗೀತಿದಾರೆ… ಮಂಕಿ ಕ್ಯಾಪು. ಬೆಳಿಗ್ಗೆ ನಾನು ಹಾಕ್ಕೊಳ್ಳಿ ಅಂದ್ರೆ ಬ್ಲೇಜರಿಗೆ ಒಪ್ಪಲ್ಲ ಅಂದಿದ್ರು. ಈಗ ಹಾಕ್ತಿದಾರೆ. ಕಿವಿ ಮೇಲಕ್ಕೆ ಮಡಚಿ, ನೆಟ್ಟಗೆ ಮಾಡ್ಕೊಂಡು… ಚಳಿಗಲ್ಲ ಚರಣ್. ತಲೆ ಬರಿದಿದ್ರೆ ಸಲ್ಯೂಟ್ ಮಾಡೋ ಹಾಗಿಲ್ಲ, ಅವರ ಪಟಾಲಮ್ಮಿನ ರೂಲು ಅದು.

ನಿಂತಲ್ಲೇ ಕಾಲು ಹಾಕ್ತಿದಾರೆ. ಬ್ಯಾಂಡಿಗೆ. ಎಡ, ಬಲ, ಎಡ… ಪಕ್ಕಕ್ಕೆ ಸರಿದ್ರೆ ಈ ನಿನ್ನ ಕ್ಯಾಮೆರಾನೂ ಅವರ ಹಿಂದೇನೇ ತಿರುಗತ್ತಪ್ಪ, ಮುಖ ಬಿಡ್ತಾ ಇಲ್ಲ. ಒಬ್ಬ ಪೊಲೀಸಿನವನು ಬಂದು ನೋಡಿ, ಸುಮ್ಮನೆ ಹೋದ. ಈಗ ಕತ್ತು ಬಲಗಡೆಗೆ ತಿರುಗಿಸಿ, ಆ ಬಟ್ಟೆ ಪರದೆಗೆ… ಬರೀ ಬಟ್ಟೆಗೆ ಸಲ್ಯೂಟ್ ಹೊಡೀತಿದಾರೆ ಕಣೋ. ಆ ಕಡೆ ಏನಿದೆ ಅಂತ ಒಂದಿಷ್ಟೂ ಕಾಣಲ್ಲ. ಕೈ ಇಳಿಸ್ತಾನೇ ಇಲ್ಲ…

ಇಲ್ಲ, ಅಳ್ತಿಲ್ಲ. ಈರುಳ್ಳಿ ಹೆಚ್ಚಿದ್ದೆ ಆಗಲೇ.

ಫಾರ್ಮ್ಯಾಟೂ ಬೇಡ ಏನೂ ಬೇಡ. ಇನ್ನೊಂದು ಕಾರ್ಡ್ ಇದೆಯಾ ನಿನ್ನ ಹತ್ರ?… ಹಾಂ, ಇದು ನಾನು ಕಳಿಸಲ್ಲ. ಬರೀ ಕ್ಯಾಮೆರಾ ಕಳಿಸ್ತೀನಿ.

ಬೆಲ್ಲು… ಬಂದ್ರು ಅನ್ಸತ್ತೆ. ಇಡಬೇಡ, ಇಡಬೇಡ, ಹಾಗೇ ಇರು.

ಬಾರೇ ಬೇಟಾ! ಎಷ್ಟು ಕಪ್ಪಗಾಗಿದೀಯೇ, ಎಷ್ಟು ಇಳಿದುಹೋಗಿದೀಯೇ! ಬೂಟು ಅಲ್ಲೇ ಬಿಡು… ಹಾಂ? ರೀ, ನೀವು ದಾರಿಯಲ್ಲಿ ಹೇಳಿಲ್ವಾ?… ಚಪ್ಪಲಿ ಸರಿಯಾಗಿ ಜೋಡಿಸಿದ್ದಾಯ್ತು, ಒಳಗೆ ಬನ್ನಿ. ನಾನೇ ಹೇಳ್ತೀನಿ.

ಸ್ಫೂರ್ತಿ, ಇಲ್ಲಿ ಕೂತ್ಕೋ. ಪಪ್ಪನ್ನ ಗೇಟಲ್ಲೇ ತಡೆದ್ರಮ್ಮ, ಕ್ಯಾಮೆರಾ ಒಳಗೆ ಬಿಡಲ್ಲ ಅಂತ. ಪರೇಡಿನ ವೀಡಿಯೋ ಇಲ್ಲ… ಒಂದೂ ಇಲ್ಲ, ಬೇಟಾ. ಕೋಪ ಮಾಡ್ಕೋ, ಪರವಾಗಿಲ್ಲ. ಆದ್ರೆ ಮೊದಲು ಇದನ್ನ ನೋಡು. ರೀ, ನೀವು ಎಲ್ಲಿಗೆ ಹೋಗ್ತೀರಿ? ಕೂತ್ಕೊಳ್ಳಿ. ನಿಮ್ಮ ಗುರುದ್ವಾರಾನ ನಾವೂ ನೋಡ್ತೀವಿ.

ಚರಣ್, ಇದೀಯಾ?… ನೋಡ್ತಿದಾಳೆ. ಇವರು ಕ್ಯಾಲೆಂಡರ್ ನೋಡ್ತಾ ಕೂತಿದಾರೆ… ಹಿಂದಕ್ಕೆ ಎಳೆದು ಮತ್ತೆ ಹಾಕ್ತಿದಾಳೆ. ಸಲ್ಯೂಟಿನ ಜಾಗ. ಮತ್ತೆ…

ಏನು ಬೇಟಾ? ಹಾಂ, ನಾನು ಒಳಗೇ ಇದ್ನಲ್ಲ, ನೋಡ್ದೆ. ಮೂರನೇ ಸಾಲು, ನಾಲ್ಕನೆಯವಳು, ನೀನು ಹೇಳಿದ ಜಾಗದಲ್ಲೇ… ಏನಂದೆ? ಯಾವಾಗ?

ನಿನ್ನನ್ನ ಆ ಕಡೆ ತುದಿಗೆ ಹಾಕಿದ್ರಾ? ಯಾರೇ ಬದಲಾಯಿಸಿದ್ದು?… ಹಿಂದಿನ ದಿನಾನಾ? ಮತ್ತೆ ನಾಲ್ಕನೆಯವಳು ಯಾರೇ?… ಮಣಿಪುರದ ಹುಡುಗೀನಾ? ನೀನು ಅವಳ ಜಾಗಕ್ಕೆ, ಅವಳು ನಿನ್ನ ಜಾಗಕ್ಕಾ?

ಅಯ್ಯೋ ದೇವರೇ. ಕೇಳಿಸ್ಕೊಂಡೆಯಾ ಚರಣ್? ಅಷ್ಟೂ ಅತ್ತಿದ್ದು ಮಣಿಪುರದ ಹುಡುಗಿಗೆ. ರೀ, ನಗಬೇಡಿ! ನನ್ನ ಮಗಳನ್ನ ನಾನು ನೋಡೇ ಇಲ್ಲ, ನೀವು ನೋಡೇ ಇಲ್ಲ, ಒಳಗೆ ಹೋಗಿ ನಾನು ಏನು ಮಾಡಿ ಬಂದಂಗಾಯ್ತು…

ಹಾಂ? ಏನಂದ್ರಿ?… ಇನ್ನೊಂದ್ಸಲ ಹೇಳಿ, ಚರಣ್‌ಗೂ ಕೇಳ್ಲಿ… ಚರಣ್, ನಿನ್ನ ಮಾವ ಏನಂತಾರೆ ಗೊತ್ತಾ? 'ಆ ಹುಡುಗಿ ತಾಯಿ ಆ ಕಡೆ ಕೂತಿದ್ಲೋ ಏನೋ, ನಮ್ಮ ಸ್ಫೂರ್ತಿನ ನೋಡಿ ತನ್ನ ಮಗಳು ಅಂತ ಅವಳೂ ಅತ್ತಿರ್ತಾಳೆ ಬಿಡು' ಅಂತಾರೆ… ಹೂಂ ಕಣೋ, ನಾಲ್ಕು ದಿನದ ಮೇಲೆ ಬಾಯಿ ಬಿಟ್ಟಿದಾರೆ. ಇಬ್ರೂ ಬಿದ್ದು ಬಿದ್ದು ನಗ್ತಿದಾರೆ, ಅಪ್ಪ ಮಗಳು. ಇರು, ಮಾವನಿಗೇ ಕೊಡ್ತೀನಿ ಫೋನು, ನೀನೇ ಮಾತಾಡು… ರೀ, ತಗೊಳ್ಳಿ… ಹಲೋ? ಚರಣ್? ನಾನು ಕಣೋ, ಮಾವ. ಹಲೋ, ಕೇಳಿಸ್ತಿದೆ…